ಕರುಣೆಗೊಂದು ಒರೆಗಲ್ಲು

ಅಪರಾಧಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಸಂಶೋಧನಾ ವಿಧಾನವೆಂದರೆ ಮೂಗು ಮುರಿಯುವವರೇ ಬಹಳ. ಅಂಥವರು ಕೇಂಬ್ರಿಜ್-ಸಾಮರ್‌ವಿಲ್ ಪ್ರಯೋಗದ ವೃತ್ತಾಂತವನ್ನೊಮ್ಮೆ ಓದಬೇಕು. ಈ ಕೇಂಬ್ರಿಜ್ ಇಂಗ್ಲೆಂಡಿನದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ್ದು.

ಎಳೆಯ ಹುಡುಗರಿಗೆ ಹಿರಿಯ ಸ್ನೇಹಿತನೊಬ್ಬನ ಒತ್ತಾಸೆ ದೊರೆತರೆ ಅವರು ದಾರಿ ತಪ್ಪಲಾರರೆಂಬುದು ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ನಂಬುಗೆ. ವಯಸ್ಸು, ಬುದ್ಧಿ, ಮನೆಯ ಸ್ಥಿತಿಗಳಲ್ಲಿ ಒಬ್ಬರನ್ನೊಬ್ಬರು ಹೋಲುವ 506 ಹುಡುಗರನ್ನು ಜೋಡಿಗಳಾಗಿ ವಿಂಗಡಿಸಿ, ನಾಣ್ಯ ಚಿಮ್ಮಿ, ಪ್ರತಿ ಜೋಡಿಯಲ್ಲೊಬ್ಬನಿಗೆ ಸಲಹೆ, ಪಾಠ, ಚಿಕಿತ್ಸೆ, ಬೇಸಗೆಯ ಶಿಬಿರಗಳ ನೆರವು ನೀಡಲಾಯಿತು. ಮತ್ತೊಬ್ಬನನ್ನು ಅವನ ಪಾಡಿಗೆ ಬಿಡಲಾಯಿತು. ಮಗುವಿನ ಭಾಗ್ಯವನ್ನು ನಾಣ್ಯದ ಮೇಲೆ ನಿಲ್ಲಿಸುವುದೆ ಎಂದು ಯಾರ ಮನಸ್ಸಾದರೂ ಅಳುಕೀತು. ಆದರೆ ಆಯ್ಕೆಯನ್ನು ಮನುಷ್ಯರ ಕೈಗೆ ಕೊಟ್ಟಿದ್ದರೆ, ಸುಧಾರಿಸಬಲ್ಲವರೆಂದು ತೋರಿದವರನ್ನೇ ಅವರು ಆರಿಸಿಕೊಳ್ಳುತ್ತಿದ್ದರೇನೋ! 1939ರಲ್ಲಿ ಆರಂಭವಾದ ನೆರವು 1945ರಲ್ಲಿ ನಿಂತಿತು.

ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ವಿದುಷಿ ಆ ಹುಡುಗರನ್ನು ಹುಡುಕಿ ಹೊರಟರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ತಮಗೆ ಒಳಿತಾಯಿತೆಂದೇ ನುಡಿದರು. ಲೇಖನಿ ಅಲ್ಲಿಗೇ ನಿಂತಿದ್ದರೆ ಯೋಜನೆಗೆ ಜಯಘೋಷವೇ ಸಲ್ಲುತ್ತಿತ್ತು. ಮೆಕಾರ್ಡ್ ನ್ಯಾಯಾಲಯ, ಆಸ್ಪತ್ರೆ, ಮರಣಗಳ ದಾಖಲೆಗಳನ್ನೂ ತೆರೆದು ಜೋಡಿಗಳನ್ನು ಹೋಲಿಸಿದರು. 1978ರಲ್ಲಿ ಪ್ರಕಟವಾದ ಅವರ ಬರಹ ಹೇಳಿದ್ದೇ ಬೇರೆ: ನೆರವಿನಿಂದ ಅಪರಾಧ ತಗ್ಗಿರಲಿಲ್ಲ, ಎರಡನೆಯ ಅಪರಾಧ, ಕುಡಿತದ ಚಟ, ಅಕಾಲ ಮರಣಗಳು ನೆರವು ಪಡೆದವರಲ್ಲೇ ಹೆಚ್ಚು. ಮುಂದೆ 1999ರ ವಿಶ್ಲೇಷಣೆಯೊಂದರಲ್ಲಿ, ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ ಕೇಡು ಎದ್ದು ಕಂಡಿತು. ತುಂಟರ ಸಹವಾಸದಲ್ಲಿ ತುಂಟತನಕ್ಕೆ ಶಹಬಾಸ್‌ಗಿರಿ ದೊರೆತಿರಬೇಕೆಂದು ಊಹಿಸಲಾಯಿತು.

ಕ್ಯಾಬಟ್ ಇದಾವುದನ್ನೂ ಕಾಣಲಿಲ್ಲ, 1939ರಲ್ಲೇ ತೀರಿಕೊಂಡಿದ್ದರು. ಆದರೂ ತಮ್ಮ ನಂಬುಗೆಯನ್ನು ಸುಳ್ಳಾಗಿಸಬಲ್ಲ ಆ ಎರಡನೆಯ ಹುಡುಗನನ್ನು ಲೆಕ್ಕದೊಳಗೆ ಇರಿಸಿಹೋದವರು ಅವರೇ.