1943: ತೂತಿನ ಕಾಸಿನ ವರ್ಷ

ಹಳೆಯ ನಾಣ್ಯಗಳನ್ನು ಕೂಡಿಟ್ಟುಕೊಂಡಿರುವ ಮನೆಗಳಲ್ಲಿ, ನಡುವೆ ದೊಡ್ಡ ತೂತಿರುವ ಕಂಚಿನ ಕಾಸೊಂದು ಇದ್ದೇ ಇರುತ್ತದೆ. ಬಳೆಯಂತೆ ಗುಂಡಗೆ, ತೆಳ್ಳಗೆ ಇರುವ ಈ ನಾಣ್ಯದ ಮೇಲೆ ರಾಜನ ತಲೆಯ ಚಿತ್ರವಿಲ್ಲ. ತಲೆಯಿರಬೇಕಾದ ಜಾಗದಲ್ಲಿ ತೂತು, ಅದರ ಮೇಲೊಂದು ಪುಟ್ಟ ಕಿರೀಟ! ಇದು 1943ರಲ್ಲಿ ಭಾರತದಲ್ಲಿ ಚಲಾವಣೆಗೆ ಬಂದ ಒಂದು ಪೈಸದ ನಾಣ್ಯ. ಆಗ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಪೈಸೆಗೆ ಮೂರು ಪೈ ಲೆಕ್ಕವಾದ್ದರಿಂದ ಹಳೆಯ ಮೈಸೂರಿನ ಕಡೆ ಒಂದು ಪೈಸೆಯನ್ನು ಮುಕ್ಕಾಸು ಎನ್ನುತ್ತಿದ್ದರು.

ನಾಣ್ಯಕ್ಕೆ ತೂತು ಏಕೆ ಬಂತು? ಉತ್ತರ ಎರಡನೇ ಮಹಾಯುದ್ಧದಲ್ಲಿದೆ. ಬಂದೂಕಿನ ಗುಂಡಿನ ಕೋಶ ಮಾಡುವುದು ಹಿತ್ತಾಳೆಯಿಂದ. ಅಂಥ ಹಿತ್ತಾಳೆಯ ಸುಮಾರು ನೂರಕ್ಕೆ ಎಪ್ಪತ್ತು ಭಾಗ ತಾಮ್ರ, ಉಳಿದದ್ದು ಸತು. ಕೋಟಿಗಟ್ಟಲೆ ಗುಂಡು ಬೇಕಾದಾಗ ತಾಮ್ರ ದುರ್ಲಭವಾಗುವುದು ಸಹಜ. ಹಳೆಯ ಪೈಸೆ 4.86 ಗ್ರಾಂ ತೂಗುತ್ತಿತ್ತು, ತೂತಿನ ಕಾಸಿನ ತೂಕ ಸುಮಾರು 2 ಗ್ರಾಂ. ಮಕ್ಕಳು ಲೆಕ್ಕ ಹಾಕಿ ನೋಡಬಹುದು: ಒಂದು ಕಿಲೋ ಲೋಹದಲ್ಲಿ ಹಿಂದೆ ಇನ್ನೂರಾರು ನಾಣ್ಯಗಳೂ ತಯಾರಾಗುತ್ತಿರಲಿಲ್ಲ, ಈಗ ಐನೂರು. ಆದರೆ ಈ ಉಳಿತಾಯವೆಲ್ಲ ತೂತಿನಿಂದಲೇ ಬಂದದ್ದಲ್ಲ, ನಾಣ್ಯವನ್ನು ಚಿಕ್ಕದಾಗಿ, ತೆಳ್ಳಗೆ ಮಾಡಿದ್ದರಿಂದಲೂ ಬಂತು.

ಬದಲಾದದ್ದು ಪೈಸೆಯೊಂದೇ ಅಲ್ಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿ ನಾಣ್ಯದಲ್ಲಿ 1940ರಿಂದ ಅರ್ಧ ಮಾತ್ರ ಬೆಳ್ಳಿ ಉಳಿಯಿತು. ಅದೇ ವರ್ಷ ಒಂದು ರೂಪಾಯಿಯ ನೋಟು ಮತ್ತೆ ಬಂತು, 1943ರಲ್ಲಿ ಎರಡು ರೂಪಾಯಿಯ ನೋಟು. ಜನ ಜಾಣರು. ಬೆಳ್ಳಿಯ ಹಳೆಯ ರೂಪಾಯಿಗಳನ್ನು ಗಡಿಗೆಗೆ ಸೇರಿಸಿ, ಕಾಗದದ ರೂಪಾಯಿಯನ್ನು ಅಂಗಡಿಗೆ ಕಳುಹಿಸಿದರು. ಒಳ್ಳೆಯ ಹಣವನ್ನು ಕೆಟ್ಟ ಹಣ ಓಡಿಸುತ್ತದೆ ಎಂಬ ಅರ್ಥಶಾಸ್ತ್ರದ ಪಾಠವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೋಟು ಹೆಚ್ಚಿತು, ಸಾಮಾನು ಹೆಚ್ಚಲಿಲ್ಲ

ಯುದ್ಧಕ್ಕೆ ಬೇಕಾದ ಬಟ್ಟೆ, ಡೇರೆ, ಬೂಟು, ಆಹಾರ ಎಲ್ಲವನ್ನೂ ಬ್ರಿಟನ್ನಿನ ಪರವಾಗಿ ಭಾರತ ಸರ್ಕಾರ ಇಲ್ಲಿಯೇ ಕೊಳ್ಳುತ್ತಿತ್ತು. ಅದರ ಬಾಬ್ತು ಬ್ರಿಟನ್ ಸಾಮಾನು ಕೊಡಲಿಲ್ಲ. ಲಂಡನ್ನಿನಲ್ಲಿ ಸ್ಟರ್ಲಿಂಗ್ ಲೆಕ್ಕದಲ್ಲಿ ಸಾಲ ಬರೆದುಕೊಂಡಿತು. ಆ ಸಾಲದ ಕಾಗದವನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕಿತು. 1939ರಲ್ಲಿ ಸುಮಾರು 180 ಕೋಟಿ ರೂಪಾಯಿಯಷ್ಟಿದ್ದ ನೋಟುಗಳ ಚಲಾವಣೆ ಯುದ್ಧ ಮುಗಿಯುವ ಹೊತ್ತಿಗೆ ಸಾವಿರ ಕೋಟಿಯನ್ನು ದಾಟಿತ್ತು. ಸಂತೆಯಲ್ಲಿ ಸಾಮಾನು ಇದ್ದಷ್ಟೇ, ಕೊಳ್ಳುವವರ ಕೈಯ ನೋಟು ಐದಾರು ಪಟ್ಟು ಎಂದರೆ ಬೆಲೆ ಏನಾದೀತು?

ಇದರ ಮೇಲೆ 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿಯೂ ಬರ್ಮಾದ ಸೀಮೆಎಣ್ಣೆಯೂ ಒಟ್ಟಿಗೇ ನಿಂತುಹೋದವು. ಬರ್ಮಾ ಅಕ್ಕಿಯನ್ನೇ ನೆಚ್ಚಿದ್ದ ತಿರುವಾಂಕೂರು, ಕೊಚ್ಚಿಗಳಿಗೆ ಇದರ ಪೆಟ್ಟು ಜೋರಾಗಿತ್ತು. ರಾಗಿ ಉಣ್ಣುವ ಹಳೆಯ ಮೈಸೂರಿನ ಹಳ್ಳಿಗಳಿಗೆ ಅಷ್ಟು ತಟ್ಟದಿದ್ದರೂ ಪೇಟೆಗಳಲ್ಲಿ ಅಕ್ಕಿಯ ಅಭಾವ ಕಾಣಿಸಿತು. ಬೆಂಗಳೂರಿನ ರವೆ ಇಡ್ಲಿ ಹುಟ್ಟಿದ್ದು ಈ ಅಭಾವದಲ್ಲೇ, ಅಕ್ಕಿಯ ಬದಲು ರವೆ ಹಾಕಿ ನೋಡಿದ್ದರಿಂದ ಎಂದು ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾ ಬಂದಿದ್ದಾರೆ. ಇಂದು ಸಾಗು, ತುಪ್ಪದ ಜೊತೆ ರವೆ ಇಡ್ಲಿ ತಿನ್ನುವವರಿಗೆ ಅದು ಯುದ್ಧಕಾಲದ ತಿಂಡಿ ಎಂದರೆ ನಂಬುವುದು ಕಷ್ಟ.

1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಆಹಾರಧಾನ್ಯದ ಪಡಿತರ ಶುರುವಾಯಿತು. ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆಲ್ಲ ಪಡಿತರ ಬೇಕೆಂದು ಅದೇ ವರ್ಷ ಸರ್ಕಾರದ ಸಮಿತಿಯೊಂದು ಸಲಹೆ ಮಾಡಿತು. ಪಡಿತರ ಚೀಟಿ ಎಂಬ ಮಾತು ಮನೆಮಾತಾದದ್ದು ಆಗಲೇ. ಅದರ ಜೊತೆ ಹುಟ್ಟಿದ ಇನ್ನೊಂದು ಮಾತು ಕಾಳಸಂತೆ. ಮಿಲ್ಲಿನ ಬಟ್ಟೆಯ ಮೇಲೆ ಬೆಲೆಯನ್ನು ಮುದ್ರೆ ಒತ್ತಿಯೇ ಮಾರಬೇಕೆಂಬ ನಿಯಮವೂ 1943ರದೇ. ಇಂದು ಬಿಸ್ಕತ್ತಿನ ಪೊಟ್ಟಣದ ಮೇಲೂ ಬೆಲೆ ಅಚ್ಚಾಗಿರುತ್ತದೆ. ಆಗ ಸೀರೆಯ ಅಂಚಿನಲ್ಲಿ ಬೆಲೆ ಓದುವುದೇ ಒಂದು ಹೊಸತು.

ಪೆಟ್ರೋಲ್ ಇಲ್ಲದೆ ಬಸ್ಸು ಓಡಿಸಿದ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಬಹುದು. ಬಸ್ಸಿನ ಹಿಂಬದಿಗೆ ಉದ್ದನೆಯ ಒಲೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಉರಿಸುತ್ತಿದ್ದರು. ಗಾಳಿಯನ್ನು ಮಿತವಾಗಿ ಬಿಟ್ಟರೆ ಇದ್ದಿಲು ಪೂರ್ತಿ ಉರಿಯುವುದಿಲ್ಲ. ಮೊದಲು ಹುಟ್ಟಿದ ಇಂಗಾಲದ ಡೈಆಕ್ಸೈಡ್ ಕೆಂಡದ ನಡುವೆ ಹಾದುಹೋಗುವಾಗ ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಉರಿಯಬಲ್ಲ ಈ ಅನಿಲವನ್ನು ಸೋಸಿ, ತಣಿಸಿ ಎಂಜಿನ್ನಿಗೆ ಕೊಟ್ಟರೆ ಬಸ್ಸು ಓಡುತ್ತದೆ. ಆದರೆ ಈ ಅನಿಲದ ಅರ್ಧದಷ್ಟು ಪಾಲು ಉರಿಯದ ಸಾರಜನಕ. ಹೀಗಾಗಿ ಎಂಜಿನ್ನಿಗೆ ತ್ರಾಣ ಸಾಲದು. ಹೊರಡುವ ಮೊದಲು ಕ್ಲೀನರ್ ಹುಡುಗ ಬೆವರು ಸುರಿಸಿಕೊಂಡು ಗಾಳಿಯ ಚಕ್ರ ತಿರುಗಿಸಬೇಕು, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಎಂಬುದು ಎಷ್ಟು ಮಂದಿಗೆ ಗೊತ್ತಿತ್ತೋ! ಬಸ್ಸುಗಳ ಕಿಟಕಿಗೆ ಗಾಜಿಲ್ಲದಿದ್ದದ್ದು ಒಳ್ಳೆಯದೇ ಆಯಿತು.

ಗಡಿಯಾರವನ್ನೂ ಯುದ್ಧ ಬಿಡಲಿಲ್ಲ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರಗಳು ಒಂದು ಗಂಟೆ ಮುಂದೆ ಓಡಿದವು. ಅಂದರೆ ಗ್ರೀನಿಚ್‌ಗಿಂತ ಐದೂವರೆಯ ಬದಲು ಆರೂವರೆ ಗಂಟೆ ಮುಂದೆ. ಹಗಲಿನ ಬೆಳಕನ್ನು ಹೆಚ್ಚು ಬಳಸಿ ದೀಪ ಉಳಿಸುವುದು ಉದ್ದೇಶ. ಸೂರ್ಯ ಮಾತ್ರ ಹಳೆಯ ಹೊತ್ತಿಗೇ ಹುಟ್ಟುತ್ತಿದ್ದ.

ಹನ್ನೊಂದು ಸಾವಿರ ಅಡಿಯ ಮನರಂಜನೆ

ಇಷ್ಟೆಲ್ಲ ಕಷ್ಟದ ನಡುವೆ ಸಿನಿಮಾ ಮಂದಿರಗಳು ತುಂಬಿದ್ದವು. ಕೈಯಲ್ಲಿ ನೋಟಿದೆ, ಕೊಳ್ಳಲು ಸಾಮಾನಿಲ್ಲ ಎಂದಾಗ ಜನ ಇನ್ನೇನು ಮಾಡಿಯಾರು? ಕಚ್ಚಾ ಫಿಲ್ಮು ವಿದೇಶದಿಂದ ಹಡಗಿನಲ್ಲಿ ಬರಬೇಕಾದ್ದರಿಂದ ಒಂದು ಚಿತ್ರ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟು ಮಾಡಿತು. ನಿಮಿಷಕ್ಕೆ 90 ಅಡಿ ಓಡುವ ಫಿಲ್ಮಿನ ಲೆಕ್ಕದಲ್ಲಿ ಇದು ಎರಡು ಗಂಟೆಗೆ ತುಸು ಹೆಚ್ಚು. ಮೂರು ಗಂಟೆಯ ಪೌರಾಣಿಕಕ್ಕೆ ಒಗ್ಗಿದ್ದವರಿಗೆ ಇದು ಅರೆಹೊಟ್ಟೆ ಊಟ.

ಆ ವರ್ಷದ ದೊಡ್ಡ ಚಿತ್ರ ಬಾಂಬೆ ಟಾಕೀಸಿನ 'ಕಿಸ್ಮತ್'. ಅಶೋಕ್ ಕುಮಾರ್ ಕಳ್ಳನಾಗಿ ನಟಿಸಿದ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕವಿ ಪ್ರದೀಪ್ ಬರೆದ ಅದರ ಒಂದು ಹಾಡು ಪರಕೀಯರನ್ನು ದೂರ ಸರಿಯಿರಿ ಎನ್ನುತ್ತಿತ್ತು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರುಗಳಿದ್ದದ್ದರಿಂದ ಸೆನ್ಸಾರ್‌ನವರು ಬಿಟ್ಟರು. ಪರಕೀಯರೆಂದರೆ ಯಾರು ಎಂಬುದು ಗಾಂಧಿ ಚಪ್ಪಾಳೆಯ ಸಾಲಿನಲ್ಲಿ ಕುಳಿತವನಿಗೂ ಗೊತ್ತಿತ್ತು. ಕನ್ನಡದಲ್ಲಿ ಎ.ವಿ. ಮೆಯ್ಯಪ್ಪನ್ ತಯಾರಿಸಿದ 'ಸತ್ಯ ಹರಿಶ್ಚಂದ್ರ' ಬಂದದ್ದೂ 1943ರಲ್ಲೇ. ಸುಬ್ಬಯ್ಯ ನಾಯ್ಡು ಹರಿಶ್ಚಂದ್ರನಾಗಿದ್ದ ಈ ಚಿತ್ರಕ್ಕೆ ತಮಿಳು ಮಾತು ಜೋಡಿಸಿ ತಮಿಳುನಾಡಿನಲ್ಲೂ ಓಡಿಸಿದರು. ನಾಟಕ ಕಂಪನಿಗಳಿಗೆ ಫಿಲ್ಮಿನ ಚಿಂತೆಯಿರಲಿಲ್ಲ. ಆದರೆ ಪೆಟ್ರೋಮ್ಯಾಕ್ಸ್ ದೀಪಕ್ಕೆ ಸೀಮೆಎಣ್ಣೆ ಬೇಕಲ್ಲ!

ಚಿತ್ರಮಂದಿರದಲ್ಲಿ ಸರ್ಕಾರದ ವಾರ್ತಾಚಿತ್ರ ತೋರಿಸಲೇಬೇಕೆಂಬ ಕಟ್ಟಳೆಯೂ ಈ ವರ್ಷದ್ದು. ಅದರಲ್ಲಿ ಸೈನಿಕರು ನಗುತ್ತಿದ್ದರು, ಟ್ಯಾಂಕುಗಳು ಮುನ್ನುಗ್ಗುತ್ತಿದ್ದವು.

ಬೆಲೆ ಹೇಳಿದ ಸುದ್ದಿ

ನಿಜವಾದ ಸುದ್ದಿ ಸಿಗುವುದು ಅಷ್ಟು ಸುಲಭವಿರಲಿಲ್ಲ. 1947ರಲ್ಲಿ ಕೂಡ ದೇಶದಲ್ಲಿದ್ದ ರೇಡಿಯೊ ಲೈಸೆನ್ಸುಗಳು ಸುಮಾರು 2.75 ಲಕ್ಷ ಮಾತ್ರ. ಪತ್ರಿಕೆಯ ಕಾಗದ ಪೂರ್ತಿ ಹೊರದೇಶದ್ದು. ಹಡಗುಗಳು ಕಡಿಮೆಯಾದಂತೆ ಪತ್ರಿಕೆಗಳ ಪುಟಗಳೂ ಕಡಿಮೆಯಾದವು. ಉಳಿದ ಪುಟಗಳಲ್ಲಿ ಏನು ಬರೆಯಬೇಕೆಂಬುದಕ್ಕೆ ಭಾರತ ರಕ್ಷಣಾ ನಿಯಮಗಳ ಬೇಲಿ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕನ್ ಸೇನೆಯ ಆಡಳಿತಕ್ಕೆ ಬಂದಿತ್ತು. ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕೆರೆ ಏರಿಯ ಮೇಲೆ ದನ ಮೇಯಿಸುವವರಿಗೆ ಕಂಡದ್ದು ಪತ್ರಿಕೆಯಲ್ಲಿ ಬರುವಂತಿರಲಿಲ್ಲ.

ಅದು ಯುದ್ಧದ ಗುಟ್ಟು, ಸರಿ. ಆದರೆ ಹಸಿವು ಯಾವ ಯುದ್ಧದ ಗುಟ್ಟು?

ಕಲ್ಕತ್ತೆಯ ಸಗಟು ಪೇಟೆಯಲ್ಲಿ 1942ರ ಡಿಸೆಂಬರ್ 11ರಂದು ಒಂದು ಮಣ ಅಕ್ಕಿಗೆ 13ರಿಂದ 14 ರೂ. 1943ರ ಮಾರ್ಚ್ 12ಕ್ಕೆ 21 ರೂ. ಮೇ 21ಕ್ಕೆ 30 ರೂ. ದಾಟಿತು. ಆಗಸ್ಟ್ 20ಕ್ಕೆ 37 ರೂ. ಮಣವೆಂದರೆ 40 ಸೇರು, ಸುಮಾರು 37 ಕಿಲೋ. (ಇದು ತೂಕದ ಸೇರು, ನಮ್ಮ ಅಳತೆಯ ಸೇರಲ್ಲ.) ಅಂದರೆ ಸೇರಿಗೆ ಐದಾಣೆಯ ಚಿಲ್ಲರೆಯಿದ್ದ ಅಕ್ಕಿ ಎಂಟು ತಿಂಗಳಲ್ಲಿ ಹದಿನೈದಾಣೆಯ ಹತ್ತಿರಕ್ಕೆ ಬಂತು. ಕೂಲಿಯವನ ಕೂಲಿ ಹಾಗೆ ಏರಲಿಲ್ಲ. ಮೀನುಗಾರನ ಮೀನಿಗೆ, ಕ್ಷೌರಿಕನ ಕತ್ತರಿಗೆ ಗಿರಾಕಿಗಳು ಕಡಿಮೆಯಾದರು. ಅಕ್ಕಿ ಕೊಳ್ಳಲು ಪರದಾಡುವವನು ಕ್ಷೌರವನ್ನು ಮುಂದಿನ ತಿಂಗಳಿಗೆ ಹಾಕುತ್ತಾನಲ್ಲವೇ?

ಬಂಗಾಳದ ಹಳ್ಳಿಗಳಿಗೆ ಈ ವಿಪತ್ತು ಹಲವು ದಾರಿಗಳಿಂದ ಬಂತು. 1942ರ ಅಕ್ಟೋಬರ್‌ನ ಚಂಡಮಾರುತ ಮಿದ್ನಾಪುರದ ಪೈರನ್ನು ಮುಳುಗಿಸಿತು, ಭತ್ತಕ್ಕೆ ಕಂದು ಚುಕ್ಕೆ ರೋಗ ಬಿತ್ತು. ಜಪಾನೀಯರಿಗೆ ಸಿಗಬಾರದೆಂದು ಸರ್ಕಾರ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯನ್ನು ಸಾಗಿಸಿತು, ಹತ್ತಕ್ಕಿಂತ ಹೆಚ್ಚು ಜನ ಹಿಡಿಸುವ ದೋಣಿಗಳನ್ನು ಕಿತ್ತುಕೊಂಡಿತು. ನದಿಗಳೇ ರಸ್ತೆಯಾಗಿರುವ ನಾಡಿನಲ್ಲಿ ದೋಣಿ ಹೋಯಿತೆಂದರೆ ಮೀನೂ ಹೋಯಿತು, ಸಂತೆಯೂ ಹೋಯಿತು. ಕಲ್ಕತ್ತೆಯ ಕಾರ್ಖಾನೆಗಳ ಕೆಲಸಗಾರರಿಗೆ ಮಾತ್ರ ಕಡಿಮೆ ಬೆಲೆಗೆ ಅಕ್ಕಿ ಸಿಗುತ್ತಿತ್ತು, ಏಕೆಂದರೆ ಯುದ್ಧದ ಉತ್ಪಾದನೆ ನಿಲ್ಲಬಾರದು. 1943ರಲ್ಲಿ ಬಂಗಾಳದಲ್ಲಿದ್ದ ಒಟ್ಟು ಅಕ್ಕಿ ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆಯಿರಲಿಲ್ಲ ಎಂದು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಕ್ಷಾಮದ ವರ್ಷ ಸೇನ್ ಶಾಂತಿನಿಕೇತನದಲ್ಲಿದ್ದ ಒಂಬತ್ತು ವರ್ಷದ ಹುಡುಗ.

ರಾಕ್ಸಿಯ ಮುಂದೆ ಟಿಕೆಟ್ಟಿಗೆ ಜನ ನಿಲ್ಲುತ್ತಿದ್ದ ಕಾಲದಲ್ಲೇ, ಅದೇ ಊರಿನ ಬೀದಿಗಳಲ್ಲಿ ಹಳ್ಳಿಯಿಂದ ಬಂದವರು ಗಂಜಿಗಾಗಿ ಕೂಗುತ್ತಿದ್ದರು. ಅನ್ನ ಕೇಳುವ ಧೈರ್ಯವಿಲ್ಲದೆ ಅನ್ನ ಬಸಿದ ಗಂಜಿನೀರನ್ನಷ್ಟೇ ಕೇಳುತ್ತಿದ್ದರು. ಪತ್ರಿಕೆಗಳು ಆಹಾರದ ಪರಿಸ್ಥಿತಿ ಎಂದು ಬರೆದವು. ಕ್ಷಾಮ ಎಂಬ ಪದ ಅಧಿಕಾರಿಗಳಿಗೆ ಬೇಡವಾಗಿತ್ತು. ಹಾಗೆ ಘೋಷಿಸಿದರೆ ನಿಯಮದ ಪ್ರಕಾರ ಪರಿಹಾರ ಕಾರ್ಯ ಕೈಗೊಳ್ಳಬೇಕಾಗುತ್ತಿತ್ತು. ಕೊನೆಗೆ ಆಗಸ್ಟ್ 22ರ ಭಾನುವಾರ, ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆ ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಅಚ್ಚು ಹಾಕಿತು. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಇಂಗ್ಲಿಷಿನವರು, ಪತ್ರಿಕೆಯೂ ಬ್ರಿಟಿಷರದು. ಸುದ್ದಿ ದೆಹಲಿಗೆ, ಲಂಡನ್ನಿಗೆ ಹೋಗಿ ಮುಟ್ಟಿತು. ಅಕ್ಟೋಬರ್‌ನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಕಲ್ಕತ್ತೆಗೆ ಹೋಗಿ ನೋಡಿ, ಪರಿಹಾರಕ್ಕೆ ಸೈನ್ಯವನ್ನು ಇಳಿಸಿದರು. ಫೋಟೋ ಬರುವ ಮೂರು ತಿಂಗಳ ಹಿಂದೆಯೇ ಅಕ್ಕಿ ಮೂವತ್ತು ರೂಪಾಯಿ ದಾಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಪತ್ರಿಕೆ ಹೇಳದ್ದನ್ನು ಪೇಟೆಯ ಧಾರಣೆ ಆಗಲೇ ಹೇಳಿತ್ತು, ಓದಬೇಕಾದವರು ಓದಲಿಲ್ಲ.

ಡಿಸೆಂಬರ್‌ನ ಬೆಳೆ ಚೆನ್ನಾಗಿ ಬಂತು, ಅಕ್ಕಿಯ ಬೆಲೆ ಇಳಿಯಿತು. ಆದರೆ ಬಡಕಲಾದ ಮೈಗಳಿಗೆ ಮಲೇರಿಯ, ಕಾಲರಾ, ಸಿಡುಬು ಅಂಟಿದವು. ಮಲೇರಿಯಕ್ಕೆ ಬೇಕಾದ ಕ್ವಿನೈನ್ ಸಿಂಕೋನಾ ಮರದ ತೊಗಟೆಯಿಂದ ಬರುತ್ತದೆ. ಲೋಕದ ಸಿಂಕೋನಾದಲ್ಲಿ ಬಹುಪಾಲು ಜಾವಾದ್ದು, ಜಾವಾ 1942ರಿಂದ ಜಪಾನೀಯರ ಕೈಯಲ್ಲಿತ್ತು. ಸತ್ತವರು 15 ಲಕ್ಷ ಎಂದು 1945ರಲ್ಲಿ ವಿಚಾರಣಾ ಆಯೋಗ ಹೇಳಿತು. ನಂತರದ ಅಂದಾಜುಗಳು 20ರಿಂದ 30 ಲಕ್ಷ. ಸೇನ್ ಅವರ ಲೆಕ್ಕದಂತೆ ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು 1943 ಮುಗಿದ ಮೇಲೆ, ಅಕ್ಕಿ ಅಗ್ಗವಾದ ನಂತರ.