ವಿಕಿಪೀಡಿಯ: ಜಗಳವಿಲ್ಲದ ಪುಟಕ್ಕೇ ಹೆಚ್ಚು ಅಪಾಯ

ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವಾಗಿ 2001ರಲ್ಲಿ ಆರಂಭವಾದ ವಿಕಿಪೀಡಿಯಕ್ಕೆ ಜಗಳಗಳು ಹೊಸತಲ್ಲ. ಮೊಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಎಚ್’ ಅಕ್ಷರ ಬೇಕೆ, ಬೇಡವೆ ಎಂಬ ವಾದ ವರ್ಷಗಟ್ಟಲೆ ನಡೆದು 2011ರಲ್ಲಿ ಇತ್ಯರ್ಥವಾಯಿತು. (ಎಚ್ ಸೋತಿತು!)

ಈ ಹಗ್ಗಜಗ್ಗಾಟಕ್ಕೆ ಇಂಗ್ಲಿಷ್ ಆವೃತ್ತಿ ಹಾಕಿದ ಕಡಿವಾಣ ಸರಳ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಅನ್ಯರ ತಿದ್ದುಪಡಿಯನ್ನು ರದ್ದುಗೊಳಿಸಿದವರಿಗೆ ಸಾಮಾನ್ಯವಾಗಿ ಕೆಲಕಾಲ ನಿರ್ಬಂಧ. ತನ್ನ ಮಾತೇ ಸರಿ ಎಂಬ ಸಮರ್ಥನೆ ನಡೆಯದು, ವಾದಿಸಲು ಚರ್ಚಾಪುಟವಿದೆ. ಕಿಡಿಗೇಡಿ ಬರಹವನ್ನು ಅಳಿಸಿದವರಿಗೆ ವಿನಾಯಿತಿಯುಂಟು.

ಆದರೆ ಜಗಳಕ್ಕೆ ಯಾರೂ ಬಾರದಿದ್ದರೆ? ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್, ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು. ಅವರ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಅಂಥವರು ಕೆನಡಿ ಸಹೋದರರ ಹತ್ಯೆಗಳಲ್ಲಿ ಶಂಕಿತರಾಗಿದ್ದರೆಂದು 2005ರ ಮೇ ತಿಂಗಳಿನಲ್ಲಿ ಅನಾಮಧೇಯನೊಬ್ಬ ಬರೆದ. ಬರೆದದ್ದು ತಮಾಷೆಗಂತೆ! ಆ ಸುಳ್ಳು ಸುಮಾರು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ, ನೋಂದಾಯಿಸಿಕೊಳ್ಳದವರು ಇಂಗ್ಲಿಷಿನಲ್ಲಿ ಹೊಸ ಲೇಖನ ಆರಂಭಿಸುವುದನ್ನು ತಡೆಯಲಾಯಿತು. ಬದುಕಿರುವವರ ಕುರಿತ ಆಧಾರರಹಿತ ಆರೋಪವನ್ನು ಚರ್ಚೆಗೆ ಕಾಯದೆ ಕೂಡಲೇ ತೆಗೆಯಬೇಕೆಂಬ ನಿಯಮವೂ ಇದೆ. ತೆಗೆಯಲು ಮೊದಲು ಯಾರಾದರೂ ಅದನ್ನು ಓದಿರಬೇಕು, ಅಷ್ಟೆ.