ಗಡಿಯೂರುಗಳಲ್ಲಿ ಹಳೆಯ ಸೆಡಾನ್

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಳ್ಳುವ ಕುಟುಂಬಕ್ಕೆ ಮೊದಲು ಹಿಡಿಸುವುದು ಅದರ ಡಿಕ್ಕಿ. ಮಾರುತಿ ಸಿಯಾಜ್‌ನದು 510 ಲೀಟರ್. ಮದುವೆಗೆಂದು ಬೀದರಿಗೆ ಹೊರಟ ಐವರ ಸಾಮಾನು ಆರಾಮಾಗಿ ಹಿಡಿಯುತ್ತದೆ. ಜಹೀರಾಬಾದಿನ ಮೂಲಕ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂಥ ಕಾರಿನ ಓಟ ನಿಜಕ್ಕೂ ಸುಖ.

ಕಷ್ಟ ಶುರುವಾಗುವುದು ಹೆದ್ದಾರಿ ಬಿಟ್ಟ ಮೇಲೆ. ಈ ಕಾರಿನ ತಳ ನೆಲದಿಂದ 170 ಮಿಲಿಮೀಟರ್ ಮಾತ್ರ ಎತ್ತರ. ಮಂದಿ ತುಂಬಿ, ಹಿಂದಿನ ಸ್ಪ್ರಿಂಗ್ ಸೋತಿದ್ದರೆ ಇನ್ನೂ ತಗ್ಗುತ್ತದೆ; ಹಳ್ಳಿಯ ಹಂಪ್ ದಾಟುವಾಗ ತಳ ಕರ್ರೆಂದು ಉಜ್ಜುತ್ತದೆ. ಕೊಳ್ಳುವ ಮೊದಲೇ ಕಾರನ್ನು ಮೇಲೆತ್ತಿಸಿ, ಸೈಲೆನ್ಸರ್ ಪೈಪು, ಆಯಿಲ್ ಚೇಂಬರುಗಳ ಮೇಲೆ ಗೀರು, ತಗ್ಗು, ಎಣ್ಣೆಯ ಜಿಗುಟು ಇವೆಯೇ ಎಂದು ನೋಡಲೇಬೇಕು.

ತಾಂಡೂರು ಹಾಸುಗಲ್ಲಿನ, ಸಿಮೆಂಟಿನ ಊರು. ಕಲ್ಲುಗಣಿ ಹಾದಿಯಲ್ಲಿ ಓಡುವ ಕಾರಿನ ಏರ್ ಫಿಲ್ಟರ್ ತೆಗೆದು ತಟ್ಟಿದರೆ ಬೂದುಬಣ್ಣದ ಪುಡಿ ಉದುರುತ್ತದೆ. ಅಲ್ಲಿ ಸರ್ವಿಸ್ ಅವಧಿ ಮುಗಿಯುವವರೆಗೆ ಕಾಯಬಾರದು.

ಬೀದರ್, ಕಲಬುರಗಿ ಕಡೆಯಿಂದ ತಂದ ಕಾರಿಗೆ ಕಾಗದಪತ್ರದ ಕೆಲಸವೇ ಹೆಚ್ಚು. ಕರ್ನಾಟಕದ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಓಸಿ ಪಡೆಯಬೇಕು. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹೊಸ ನಂಬರ್ ಕಡ್ಡಾಯ. ತೆಲಂಗಾಣದ ತೆರಿಗೆಯನ್ನೂ ಕಾರಿನ ಬೆಲೆಗೆ ಸೇರಿಸಿಯೇ ಚೌಕಾಶಿಗೆ ಕೂರಬೇಕು.